ನಮ್ಮ ನೆರೆಯೂರಿನ ಗಾಯಕ ಕಾಳಿಂಗರಾಯರು

ಹಾಡು ಬಲ್ಲವರು ನಮ್ಮಲ್ಲಿ ಬಹಳ ಮಂದಿ. ಹಾಡಿದವರ ಹೆಸರು ಬಲ್ಲವರು ಅದಕ್ಕಿಂತ ಕಡಮೆ. ಹಾಡು ಬರೆದ ಕವಿಯನ್ನು ಬಲ್ಲವರು ಇನ್ನೂ ಕಡಮೆ. ಪ್ರತಿವರ್ಷ ನವೆಂಬರ್ ಒಂದರಂದು ಶಾಲೆಯ ಅಂಗಳದಲ್ಲಿ ಧ್ವನಿವರ್ಧಕ ಕಟ್ಟಿ ಹಳೆಯ ಕನ್ನಡ ಗೀತೆಗಳನ್ನು ಹಾಕುತ್ತಾರೆ. ಆ ಗೀತೆಗಳ ನಡುವೆ ಒಂದು ಕಂಠ ಮತ್ತೆ ಮತ್ತೆ ಕೇಳಿಬರುತ್ತದೆ. ತಿಳಿಯಾದ, ಏರುದನಿಯ, ಒಂದೊಂದು ಅಕ್ಷರವನ್ನೂ ಬಿಡಿಸಿ ಕೈಯಲ್ಲಿಡುವ ಗಂಡುಕಂಠ ಅದು. ಅದು ಪಾಂಡೇಶ್ವರ ಕಾಳಿಂಗರಾಯರದು. ನಮ್ಮ ಕುಂದಾಪುರದಿಂದ ತೆಂಕಣ ದಿಕ್ಕಿಗೆ, ಬ್ರಹ್ಮಾವರದ ಕಡೆಗೆ ಹೋದರೆ ಸಿಗುವ ಆರೂರು ಅವರು ಹುಟ್ಟಿದ ಊರು. ಅವರು ಕಾಲವಾಗಿ ನಾಲ್ಕು ದಶಕಗಳು ಕಳೆದುವು. ಅವರ ಜೀವನವನ್ನು ನಮ್ಮ ಕಾಲೇಜಿನ ಸಂಚಿಕೆಯಲ್ಲಿ ಕೆಲವು ಪುಟಗಳಲ್ಲಿ ಬರೆಯಬೇಕೆಂಬ ಆಸೆಯಿಂದ ಲೇಖನಿ ಹಿಡಿದಿದ್ದೇನೆ. ನಾನು ಸಂಗೀತ ಕಲಿತವಳಲ್ಲ. ರಾಗ ತಾಳಗಳ ವಿಮರ್ಶೆ ನನ್ನ ಶಕ್ತಿಗೆ ಮೀರಿದ್ದು. ಕಿವಿಯಿಂದ ಕೇಳಿದ್ದನ್ನೂ ಓದಿ ತಿಳಿದುದನ್ನೂ ಗೆಳೆಯ ಗೆಳತಿಯರ ಮುಂದೆ ಇಡುತ್ತೇನೆ.

ಈ ಆಸೆ ಹುಟ್ಟಿದ್ದು ಕಳೆದ ಮಳೆಗಾಲದಲ್ಲಿ. ಬೆಂಗಳೂರಿನಲ್ಲಿರುವ ನನ್ನ ಸೋದರಮಾವ ವಂಡ್ಸೆಗೆ ಬಂದಾಗ ಒಂದು ಪೆನ್‌ಡ್ರೈವ್ ತಂದುಕೊಟ್ಟರು. ಅದರಲ್ಲಿ ಕಾಳಿಂಗರಾಯರೂ ಅವರ ಸಹಗಾಯಕಿಯರಾದ ಮೋಹನಕುಮಾರಿ ಮತ್ತು ಸೋಹನಕುಮಾರಿಯರೂ ಹಾಡಿದ ಆಯ್ದ ಗೀತೆಗಳು ತುಂಬಿದ್ದವು. ಗೇರುಬೀಜದ ಕಾರ್ಖಾನೆಯಿಂದ ಸಂಜೆ ಮನೆಗೆ ಬಂದ ಅಮ್ಮ, ಒಲೆಗೆ ಬೆಂಕಿ ಹಾಕಿ, ಒದ್ದೆ ಬಟ್ಟೆ ಒಣಗಿಸುತ್ತ ಆ ಹಾಡುಗಳನ್ನು ಕೇಳುತ್ತಿದ್ದಳು. ಅಮ್ಮ ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ನಮ್ಮ ಮನೆಯಲ್ಲಿ ನನ್ನ ಪಠ್ಯಪುಸ್ತಕಗಳು ಬರುವ ಮುಂಚೆ ಪಂಚಾಂಗವೊಂದನ್ನು ಬಿಟ್ಟರೆ ಬೇರೆ ಪುಸ್ತಕವಿರಲಿಲ್ಲ. ಆದರೂ ಒಂದು ವಾರ ಕಳೆಯುವಷ್ಟರಲ್ಲಿ ಕನ್ನಡದ ದೊಡ್ಡ ಕವಿಗಳ ಮೂರು ನಾಲ್ಕು ಕವನಗಳು ಅಮ್ಮನ ಬಾಯಿಗೆ ಬಂದುವು. ಬಿ.ಎ. ತರಗತಿಯಲ್ಲಿ ನಾವು ಟಿಪ್ಪಣಿ ಬರೆದುಕೊಂಡು ಓದುವ ಕವಿಗಳು ಅಡುಗೆಮನೆಗೆ ಹೀಗೆ ಸಲೀಸಾಗಿ ಬಂದು ಕುಳಿತದ್ದು ನನಗೆ ಆಶ್ಚರ್ಯವೆನಿಸಿತು. ಅವರನ್ನು ಕರೆತಂದವರು ಯಾರು ಎಂದು ಹುಡುಕತೊಡಗಿದೆ.

ಪ್ರಸಿದ್ಧ ಗಾಯಕವೃಂದಗಳ ಜನಪ್ರಿಯ ಹಾಡುಗಳನ್ನೆಲ್ಲ ಒಟ್ಟುಗೂಡಿಸಿ ಸಂಕಲನ ಹೊರಡಿಸುವ ಪದ್ಧತಿ ಜಗತ್ತಿನಲ್ಲೆಲ್ಲ ಇದೆ. ಇಂಗ್ಲೆಂಡಿನ ಬೀಟಲ್ಸ್ ವೃಂದ 1970ರಲ್ಲಿ ಒಡೆದುಹೋಯಿತು. ಅದಾಗಿ ಮೂವತ್ತು ವರ್ಷಗಳ ಮೇಲೆ, 2000ದಲ್ಲಿ, ಅವರ 27 ಹಾಡುಗಳ ಸಂಕಲನ ಹೊರಬಂದಾಗ ಅವರನ್ನು ಎಂದೂ ಕಂಡಿರದ ಹೊಸ ತಲೆಮಾರು ಅದನ್ನು ಕೊಂಡು ಕೇಳಿತು. ನಮ್ಮ ವಿದ್ಯಾರ್ಥಿಗಳಲ್ಲಿಯೂ ಆ ಹಾಡುಗಳನ್ನು ಬಲ್ಲವರಿದ್ದಾರೆ. ಆ ವೃಂದ ತನ್ನ ಮೊದಲ ಹಾಡನ್ನು ಮುದ್ರಿಸಿದ್ದು 1962ರಲ್ಲಿ. ಅದಕ್ಕೆ ಮೊದಲೇ ಕನ್ನಡದಲ್ಲಿ ಮೂವರ ಒಂದು ವೃಂದ ಹಾಡುತ್ತಿತ್ತು, ಜನರನ್ನು ಸೆಳೆದಿತ್ತು. ಸಂಕಲನಗಳಲ್ಲಿ ಒಂದು ಕೊರತೆ ಉಂಟು. ಹೂವನ್ನೆಲ್ಲ ಕೊಯ್ದು ಬುಟ್ಟಿಯಲ್ಲಿಟ್ಟಂತೆ, ಗಿಡ ಯಾವುದು, ನೆಲ ಯಾವುದು, ನೀರು ಹಾಕಿದವರು ಯಾರು ಎಂಬುದು ತಿಳಿಯುವುದಿಲ್ಲ. ಮಾವ ತಂದುಕೊಟ್ಟ ಹಾಡುಗಳಿಗೆ ಒಂದು, ಎರಡು, ಮೂರು ಎಂಬ ಸಂಖ್ಯೆಗಳಿದ್ದುವೇ ಹೊರತು ಕವಿಗಳ ಹೆಸರಾಗಲಿ, ಇಸವಿಯಾಗಲಿ ಇರಲಿಲ್ಲ. ಆದುದರಿಂದ ಹಾಡುಗಳ ಹಿಂದಿನ ಬಾಳನ್ನು ಮೊದಲಿನಿಂದ ಹೇಳುವುದು ಉಚಿತ.

ಕಾಳಿಂಗರಾಯರು ಹುಟ್ಟಿದ್ದು 1914ನೆಯ ಇಸವಿ ಆಗಸ್ಟ್ 31ರಂದು. ಆಗ ನಮ್ಮ ಈ ಕರಾವಳಿ ಮದರಾಸು ಪ್ರಾಂತಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯಾಗಿತ್ತು. ಉಡುಪಿ ಜಿಲ್ಲೆ ಪ್ರತ್ಯೇಕವಾದದ್ದು 1997ರಲ್ಲಿ. ಆರೂರು ಈಗ ಬ್ರಹ್ಮಾವರ ತಾಲ್ಲೂಕಿನಲ್ಲಿದೆ. ಹೆಸರಿನ ಮುಂದಿರುವ ಪಾಂಡೇಶ್ವರವೂ ಅದೇ ಸೀಮೆಯ ಊರು. ಬ್ರಹ್ಮಾವರದ ಸುತ್ತಮುತ್ತ ತುಳುವೂ ನಮ್ಮ ಕುಂದಗನ್ನಡವೂ ಒಂದಕ್ಕೊಂದು ತಾಗುತ್ತವೆ; ಒಂದೇ ಪೇಟೆಯಲ್ಲಿ ಎರಡು ನುಡಿಗಳಲ್ಲಿ ವ್ಯಾಪಾರ ನಡೆಯುತ್ತದೆ. ಇಂಥ ನೆಲದಲ್ಲಿ ಬೆಳೆಯುವ ಮಗುವಿನ ಕಿವಿಗೆ ನುಡಿಯ ಬಗೆಬಗೆಯ ಧಾಟಿಗಳು ಎಳವೆಯಲ್ಲಿಯೇ ಬೀಳುತ್ತವೆ. ಮುಂದೆ ಅವರ ಕಂಠದಲ್ಲಿ ಕಾಣಿಸಿದ ಗುಣಕ್ಕೆ ಇದೂ ಒಂದು ಕಾರಣವಿರಬಹುದೆಂದು ನಾನು ಭಾವಿಸುತ್ತೇನೆ.

ಅವರ ತಂದೆ ನಾರಾಯಣರಾಯರು, ಪಾಂಡೇಶ್ವರ ಪುಟ್ಟಯ್ಯ ಎಂದು ಹೆಸರಾದ ಯಕ್ಷಗಾನ ಕಲಾವಿದರು. ನಮ್ಮ ಕಡೆಯ ಓದುಗರಿಗೆ ಯಕ್ಷಗಾನವನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ವಂಡ್ಸೆಗೆ ಹತ್ತಿರದ ಮಾರಣಕಟ್ಟೆಯ ಮೇಳದ ಆಟವನ್ನು ನೋಡದೆ ನಮ್ಮಲ್ಲಿ ಯಾರೂ ದೊಡ್ಡವರಾಗುವುದಿಲ್ಲ. ಕೊಯ್ಲಾದ ಗದ್ದೆಯಲ್ಲಿ ರಂಗಸ್ಥಳ. ಚಂಡೆಯ ಅಬ್ಬರ, ಮದ್ದಳೆಯ ನುಡಿ. ಅವೆರಡರ ಮೇಲೆ ತೇಲಿಬರುವ ಭಾಗವತರ ಪದ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಗದ್ದೆಯ ಆಚೆಯ ಅಂಚಿನಲ್ಲಿ ಚಾಪೆ ಹಾಸಿ ಕುಳಿತವನಿಗೂ ಪದದ ಒಂದೊಂದು ಮಾತು ಮುಟ್ಟಬೇಕಾಗಿತ್ತು. ದನಿ ಎಷ್ಟು ಇಂಪಾಗಿದ್ದರೂ ಮಾತು ಕೇಳದಿದ್ದರೆ ಕಥೆ ನಡೆಯದು. ಹಾಡಿನಲ್ಲಿ ಮಾತಿಗೆ ಮೊದಲ ಮಣೆ ಎಂಬ ಈ ನೀತಿಯನ್ನು ಕಾಳಿಂಗರಾಯರು ತಮ್ಮ ಮನೆಯಲ್ಲಿಯೇ ಪಡೆದರೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಅವರ ಯಾವ ಹಾಡನ್ನೇ ಕೇಳಿರಿ, ಸಾಹಿತ್ಯವನ್ನು ಕಾಗದದಲ್ಲಿ ಬರೆದುಕೊಂಡು ನೋಡಬೇಕಾದ ಅಗತ್ಯ ಬೀಳುವುದಿಲ್ಲ.

ಹನ್ನೆರಡರ ಆಸುಪಾಸಿನ ವಯಸ್ಸಿನಲ್ಲಿಯೇ ಅವರು ನಾಟಕ ಕಂಪೆನಿ ಸೇರಿದರು. ಮುಂಡಾಜೆ ರಂಗನಾಥ ಭಟ್ಟರ ಅಂಬಾಪ್ರಸಾದಿತ ನಾಟಕ ಮಂಡಳಿ ಅವರ ಮೊದಲ ರಂಗಶಾಲೆ. ಕರಾವಳಿಯ ಹೊಳೆಗಳನ್ನು ಹೆಚ್ಚಾಗಿ ದೋಣಿಯಲ್ಲೇ ದಾಟಬೇಕಾಗಿದ್ದ ಕಾಲ ಅದು. ಸಾಮಾನು ಸರಂಜಾಮು, ಪರದೆ, ಹಾರ್ಮೋನಿಯಂಗಳನ್ನು ಹೇರಿಕೊಂಡು ಊರಿಂದೂರಿಗೆ ಹೋಗುವ ಕಂಪೆನಿಯಲ್ಲಿ ಬಾಲಕನೊಬ್ಬನಿಗೆ ಮನೆ ಎಂದರೆ ಬಿಡಾರ, ಅಣ್ಣತಮ್ಮಂದಿರು ಎಂದರೆ ನಟರು. ನಮ್ಮ ಸೀಮೆಯ ಹುಡುಗರು ಮೀಸೆ ಮೂಡುವ ಮೊದಲೇ ಊರು ಬಿಟ್ಟು ಬೆಂಗಳೂರು ಮುಂಬಯಿಗಳ ಹೋಟೆಲುಗಳಿಗೆ ಕೆಲಸಕ್ಕೆ ಹೋಗುವುದು ಇಂದು ನಿನ್ನೆಯ ಸಂಗತಿಯಲ್ಲ. ನನ್ನ ಅಪ್ಪಯ್ಯನೂ ಹದಿಮೂರನೆಯ ವಯಸ್ಸಿನಲ್ಲಿ ಹಾಗೆ ಬಸ್ಸು ಹತ್ತಿದವರು. ಆರೂರಿನ ಆ ಬಾಲಕ ಹೊರಟದ್ದು ಬೇರೊಂದು ಕಸುಬಿಗೆ. ಆದರೆ ಹೊರಟ ದಾರಿ ನಮ್ಮೆಲ್ಲರಿಗೂ ಪರಿಚಿತವಾದ ದಾರಿಯೇ.

ಕಂಪೆನಿ ನಾಟಕದಲ್ಲಿ ನಟನಾಗಬೇಕಾದರೆ ಹಾಡಲೇಬೇಕು. ಕಾಳಿಂಗರಾಯರು ಮೊದಲು ಕರ್ನಾಟಕ ಸಂಗೀತವನ್ನು ಅಭ್ಯಾಸ ಮಾಡಿದರು. ಬಳಿಕ ಹಿಂದೂಸ್ಥಾನಿ ಸಂಗೀತವನ್ನೂ ಕಲಿತರು. ಶಾಸ್ತ್ರೀಯ ಗಾಯಕರಲ್ಲಿ ಎರಡೂ ಪದ್ಧತಿಗಳನ್ನು ಒಟ್ಟಿಗೆ ಸಾಧಿಸುವವರು ವಿರಳ. ಒಂದನ್ನು ಹಿಡಿದವರು ಇನ್ನೊಂದರಿಂದ ದೂರ ಉಳಿಯುವುದು ರೂಢಿ. ನಾಟಕದವರಿಗೆ ಅಂಥ ಮಡಿ ಇರಲಿಲ್ಲ. ಸನ್ನಿವೇಶಕ್ಕೆ ಯಾವುದು ಒಪ್ಪುವುದೋ ಅದನ್ನು ಎತ್ತಿಕೊಳ್ಳುತ್ತಿದ್ದರು. ಈ ಬಿಚ್ಚುಮನಸ್ಸು ಕಾಳಿಂಗರಾಯರಲ್ಲಿ ಕಡೆಯತನಕ ಉಳಿಯಿತು. ಹಳ್ಳಿಯ ಪದದ ಮಟ್ಟು, ಹಿಂದೂಸ್ಥಾನಿ ರಾಗದ ಬಾಗು, ಕರ್ನಾಟಕ ಸಂಗೀತದ ತಾಳದ ಬಿಗಿ, ಪಾಶ್ಚಾತ್ಯ ವಾದ್ಯಗಳ ಮೇಳ, ಇವೆಲ್ಲವನ್ನೂ ಹೊಂದಿಸಿಕೊಳ್ಳುವ ಎದೆಗಾರಿಕೆ ಅವರಿಗಿತ್ತು.

ಚಲನಚಿತ್ರವೂ ಅವರನ್ನು ಕರೆಯಿತು. ಕನ್ನಡದ ಮೊದಲ ವಾಕ್ಚಿತ್ರ ಸತಿ ಸುಲೋಚನ ತೆರೆಕಂಡದ್ದು 1934ರಲ್ಲಿ. ಮೊದಲ ವರ್ಷಗಳ ಚಿತ್ರಗಳೆಲ್ಲ ಬಹುಮಟ್ಟಿಗೆ ನಾಟಕ ಕಂಪೆನಿಗಳಿಂದ ಬಂದ ನಟರನ್ನೂ ಗಾಯಕರನ್ನೂ ನೆಚ್ಚಿಕೊಂಡಿದ್ದುವು. 1947ರ ಕೃಷ್ಣಲೀಲಾ ಚಿತ್ರಕ್ಕೆ ಸಂಗೀತ ನೀಡಿದವರು ಕಾಳಿಂಗರಾಯರು. ಹೆಚ್.ಎಲ್.ಎನ್. ಸಿಂಹರ ನಿರ್ದೇಶನದಲ್ಲಿ 1959ರಲ್ಲಿ ಬಂದ ಅಬ್ಬಾ ಆ ಹುಡುಗಿ ಚಿತ್ರಕ್ಕೂ ಅವರದೇ ಸಂಗೀತ. ಚಿತ್ರರಂಗದಲ್ಲಿಯೇ ನೆಲೆನಿಂತಿದ್ದರೆ ಹಣದ ದೃಷ್ಟಿಯಿಂದ ಅನುಕೂಲವಾಗುತ್ತಿತ್ತೇನೋ. ಆದರೆ ಅವರ ನಿಜವಾದ ಸಾಧನೆ ನಡೆದದ್ದು ಚಿತ್ರಮಂದಿರದಲ್ಲಲ್ಲ. ಅದು ಸಭಾವೇದಿಕೆಯಲ್ಲಿಯೂ ಗ್ರಾಮಾಫೋನು ಪ್ಲೇಟಿನ ಮೇಲೂ ನಡೆಯಿತು.

ಆ ಸಾಧನೆ ಏನೆಂಬುದನ್ನು ತಿಳಿಯಬೇಕಾದರೆ ಆ ಕಾಲದ ಕನ್ನಡ ಕಾವ್ಯದ ಸ್ಥಿತಿಯನ್ನು ಸ್ವಲ್ಪ ನೆನೆಯಬೇಕು. ಬಿ.ಎಂ. ಶ್ರೀಯವರ ಇಂಗ್ಲಿಷ್ ಗೀತಗಳು ತೋರಿದ ದಾರಿಯಲ್ಲಿ ಬೇಂದ್ರೆ, ಕುವೆಂಪು, ರಾಜರತ್ನಂ ಮೊದಲಾದವರು ಹೊಸ ಬಗೆಯ ಭಾವಗೀತೆಗಳನ್ನು ಬರೆಯುತ್ತಿದ್ದರು. ಗೀತೆ ಎಂಬ ಹೆಸರಿದ್ದರೂ ಅವು ಬಹುಪಾಲು ಪುಸ್ತಕದಲ್ಲಿಯೇ ಇದ್ದುವು. ಅಕ್ಷರ ಬಲ್ಲವರೇ ಕಡಮೆಯಿದ್ದ ನಾಡಿನಲ್ಲಿ ಪುಸ್ತಕ ಕೊಂಡು ಓದುವವರು ಎಷ್ಟು ಮಂದಿ? ಬೇಂದ್ರೆಯವರಂಥ ಕವಿಗಳು ತಾವೇ ಹಾಡುತ್ತಿದ್ದುದು ನಿಜ. ಆದರೆ ಕವಿ ಹೋದಲ್ಲಿ ಮಾತ್ರ ಆ ಹಾಡು ಹೋಗುತ್ತಿತ್ತು. ಕಾಳಿಂಗರಾಯರು ಈ ಕವನಗಳನ್ನು ಎತ್ತಿಕೊಂಡು, ಮಟ್ಟು ಕೂಡಿಸಿ, ಮೋಹನಕುಮಾರಿ ಸೋಹನಕುಮಾರಿ ಸೋದರಿಯರನ್ನು ಜೊತೆಗಿಟ್ಟುಕೊಂಡು ಊರೂರಿಗೆ ಒಯ್ದರು. ಮುಂದೆ ಸುಗಮ ಸಂಗೀತ ಎಂದು ನಾವು ಕರೆಯುವ ಪ್ರಕಾರಕ್ಕೆ ಕನ್ನಡದಲ್ಲಿ ತಳಹದಿ ಹಾಕಿದವರು ಅವರು ಎಂದು ಎಲ್ಲರೂ ಒಪ್ಪುತ್ತಾರೆ.

ಈ ಸೋದರಿಯರನ್ನು ಬರಿಯ ಹಿಂದಾಳುಗಳೆಂದು ತಿಳಿಯಕೂಡದು. ಒಬ್ಬನೇ ಹಾಡುವ ಗೀತೆ ಒಬ್ಬನ ಮನಸ್ಸಿನ ಮಾತಾಗುತ್ತದೆ. ಹೆಣ್ಣುದನಿಗಳು ಬಂದು ಕೂಡಿದೊಡನೆ ಅದು ಜನರ ಮಾತಾಗುತ್ತದೆ. ನಮ್ಮಲ್ಲಿ ನಾಟಿಯ ಗದ್ದೆಯಲ್ಲಿ ಒಬ್ಬಳು ಪದ ಎತ್ತಿ ಉಳಿದವರು ಸೊಲ್ಲು ಕೂಡಿಸುವ ಕ್ರಮ ಇದಕ್ಕೆ ಹತ್ತಿರದ್ದು. ಅಮ್ಮ ಬೇಗ ಕಲಿತ ಹಾಡುಗಳು ಸೋದರಿಯರ ದನಿಯಿರುವ ಹಾಡುಗಳೇ ಎಂಬುದನ್ನು ನಾನು ಗಮನಿಸಿದೆ. ಒಬ್ಬರ ಹಿಂದೆ ಇನ್ನೊಬ್ಬರು ಹಾಡುವಾಗ ಮೂರನೆಯವರು ಸೇರಿಕೊಳ್ಳುವುದಕ್ಕೆ ಸಂಕೋಚವಿರುವುದಿಲ್ಲ.

ಗ್ರಾಮಾಫೋನು ಪ್ಲೇಟಿನ ಕಟ್ಟುಪಾಡೂ ಈ ಹಾಡುಗಳ ರೂಪವನ್ನು ನಿರ್ಧರಿಸಿತು. ಆಗಿನ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಮುಖದಲ್ಲಿ ಮೂರು ನಿಮಿಷಕ್ಕಿಂತ ತುಸು ಹೆಚ್ಚು ಮಾತ್ರ ಹಿಡಿಯುತ್ತಿತ್ತು. ಕವಿ ಹತ್ತು ನುಡಿಗಳನ್ನು ಬರೆದಿದ್ದರೆ ಮೂರೋ ನಾಲ್ಕೋ ನುಡಿಗಳನ್ನು ಆಯ್ದುಕೊಳ್ಳಬೇಕು. ಪೀಠಿಕೆಯ ವಾದ್ಯಸಂಗೀತ ನಾಲ್ಕು ಉಸಿರಿನಲ್ಲಿ ಮುಗಿಯಬೇಕು. ಆಲಾಪನೆಗೆ ತಾಣವಿಲ್ಲ. ಮೊದಲ ಸಾಲಿನಲ್ಲೇ ಕೇಳುವವನ ಮನಸ್ಸು ಸೆರೆಯಾಗಬೇಕು. ಯಾವ ನುಡಿ ಇಡಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಧಾರ ಒಂದು ಬಗೆಯ ವಿಮರ್ಶೆಯೇ ಸರಿ. ಕವಿತೆಯ ತಿರುಳನ್ನು ಅರಿಯದವನು ಈ ಕೆಲಸ ಮಾಡಿದರೆ ಕವಿತೆ ಕೈಕಾಲು ಕಳೆದುಕೊಳ್ಳುತ್ತದೆ. ಕಾಳಿಂಗರಾಯರ ಮುದ್ರಿಕೆಗಳಲ್ಲಿ ಹಾಡು ಅರ್ಧಕ್ಕೆ ನಿಂತಿತೆಂಬ ಭಾವನೆ ಬರುವುದಿಲ್ಲ. ‘ಅಂತಿಂಥ ಹೆಣ್ಣು’ ಎಂಬ ಹೆಸರಿನಿಂದ ನಾಡೆಲ್ಲ ಬಲ್ಲ ಗೀತೆಯನ್ನು ಕೇಳಿದವರಿಗೆ ಇದು ಗೊತ್ತು: ಅದು ಮೂರು ನಿಮಿಷದ ಹಾಡೆಂದು ಯಾರೂ ಗಡಿಯಾರ ನೋಡುವುದಿಲ್ಲ.

ಆಕಾಶವಾಣಿಯೂ ಈ ಬೆಳೆಗೆ ನೀರು ಹಾಯಿಸಿತು. 1952ರಲ್ಲಿ ಕೇಂದ್ರದ ವಾರ್ತಾ ಸಚಿವರಾಗಿದ್ದ ಬಿ.ವಿ. ಕೇಸ್ಕರರು ರೇಡಿಯೋದಲ್ಲಿ ಚಿತ್ರಗೀತೆಗಳಿಗೆ ತಡೆಯೊಡ್ಡಿದರು. ಶಾಸ್ತ್ರೀಯ ಸಂಗೀತವನ್ನೇ ದಿನವಿಡೀ ಕೇಳುವ ತಾಳ್ಮೆ ಎಲ್ಲರಿಗೂ ಇರದು. ಶ್ರೋತೃಗಳು ಸಿಲೋನ್ ರೇಡಿಯೋದ ಕಡೆಗೆ ಹೊರಳಿದರು. ಚಿತ್ರಗೀತೆಯೂ ಅಲ್ಲದ, ಕಛೇರಿಯೂ ಅಲ್ಲದ ಲಘುಸಂಗೀತ ಆಕಾಶವಾಣಿಗೆ ಬೇಕಾಯಿತು. ಒಳ್ಳೆಯ ಸಾಹಿತ್ಯವುಳ್ಳ, ಹಗುರವಾದ ಮಟ್ಟಿನ ಹಾಡುಗಳಿಗೆ ಹೀಗೆ ಸ್ಥಾನ ದೊರೆಯಿತು. ರೇಡಿಯೋ ಕೊಳ್ಳಲಾರದವರು ಹೋಟೆಲಿನ ಮುಂದೆಯೂ ಪಂಚಾಯತಿ ಕಟ್ಟೆಯ ಮೇಲೂ ನಿಂತು ಕೇಳುತ್ತಿದ್ದ ಆ ದಿನಗಳಲ್ಲಿ ಒಂದು ಹಾಡು ಗೆದ್ದಿತೆಂದರೆ ಒಂದು ಪುಸ್ತಕ ನೂರು ವರ್ಷದಲ್ಲಿ ಸೇರಲಾರದಷ್ಟು ಮನೆಗಳನ್ನು ಸೇರುತ್ತಿತ್ತು.

ಇನ್ನು ಮುಖ್ಯವಾದ ವಿಷಯಕ್ಕೆ ಬರುತ್ತೇನೆ. 1956ರ ನವೆಂಬರ್ 1ರ ತನಕ ಕನ್ನಡಿಗರು ಒಂದೇ ಆಡಳಿತದಲ್ಲಿ ಇರಲಿಲ್ಲ. ಮೈಸೂರಿನವರು ಒಂದು ಕಡೆ, ಧಾರವಾಡ ಬೆಳಗಾವಿಗಳವರು ಮುಂಬಯಿ ಪ್ರಾಂತದಲ್ಲಿ, ಕಲಬುರ್ಗಿ ರಾಯಚೂರುಗಳವರು ಹೈದರಾಬಾದಿನಲ್ಲಿ, ನಾವು ಮದರಾಸಿನಲ್ಲಿ, ಕೊಡಗಿನವರು ಬೇರೆ. ಒಬ್ಬರ ಮಾತು ಇನ್ನೊಬ್ಬರಿಗೆ ನಗೆ ಬರಿಸುತ್ತಿತ್ತು. ಇಂಥ ಸಮಯದಲ್ಲಿ ಕರಾವಳಿಯ ಈ ಗಾಯಕರು ಯಾರ ಯಾರ ಹಾಡುಗಳನ್ನು ಆರಿಸಿಕೊಂಡರೆಂಬುದನ್ನು ನೋಡಿ. ರಾಜರತ್ನಂ ಅವರ ರತ್ನನ ಪದಗಳು ಮೈಸೂರು ಸೀಮೆಯ ಹಳ್ಳಿಯ ಕುಡುಕನೊಬ್ಬನ ಬಾಯಿಮಾತಿನಲ್ಲಿವೆ. ಅವನ್ನು ಅವರು ಹಾಡಿದರು. ಉತ್ತರ ಕರ್ನಾಟಕದ ತತ್ವಪದಗಳಲ್ಲಿ ಆ ಕಡೆಯ ಗಡಸು ಮಾತಿನ ಸೊಗಸಿದೆ. ಅವನ್ನೂ ಹಾಡಿದರು. ಗದಗಿನ ಕಡೆಯ ಹುಯಿಲಗೋಳ ನಾರಾಯಣರಾಯರು ಬರೆದ ನಾಡಗೀತೆ 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿ ಏಕೀಕರಣದ ಗೀತೆಯೇ ಆಯಿತು. ಅದನ್ನು ಇಂದಿಗೂ ನಾವು ನೆನೆಯುವುದು ಕಾಳಿಂಗರಾಯರ ಕಂಠದಲ್ಲಿಯೇ. ಮಲೆನಾಡಿನ ಕುವೆಂಪು ಅವರ ಗೀತೆ, ಪುರಂದರದಾಸರ ಪದ, ಇವೆಲ್ಲ ಅದೇ ಸಂಕಲನದಲ್ಲಿ ಒಂದರ ಹಿಂದೆ ಒಂದಾಗಿ ಬರುತ್ತವೆ. ಸರಕಾರದ ಆಜ್ಞೆಯಿಂದ ಕನ್ನಡ ನಾಡು ಒಂದಾದದ್ದು 1956ರಲ್ಲಿ. ಒಬ್ಬ ಮನುಷ್ಯನ ಕಂಠದಲ್ಲಿ ಅದು ಅದಕ್ಕೆ ಮೊದಲೇ ಒಂದಾಗತೊಡಗಿತ್ತು.

ಹೀಗೆ ಹಾಡುವಾಗ ಅವರು ಎಲ್ಲ ಮಾತುಗಳನ್ನೂ ತಿದ್ದಿ ಒಂದೇ ಅಚ್ಚಿಗೆ ಹಾಕಲಿಲ್ಲ ಎಂಬುದೇ ದೊಡ್ಡ ಗುಣ. ರತ್ನನ ಬಾಯಿಗೆ ಪಂಡಿತರ ಕನ್ನಡವನ್ನು ತುರುಕಲಿಲ್ಲ. ಹಳ್ಳಿಯ ಪದಕ್ಕೆ ಗ್ರಂಥದ ಬಟ್ಟೆ ತೊಡಿಸಲಿಲ್ಲ. ಹಾಗೆಂದು ಯಾವುದನ್ನೂ ನಗೆಪಾಟಲು ಮಾಡಲಿಲ್ಲ. ನನಗೆ ಈ ಮಾತು ಏಕೆ ಮುಖ್ಯವೆಂಬುದನ್ನು ಹೇಳಿಬಿಡುತ್ತೇನೆ. ಎರಡು ವರ್ಷಗಳ ಹಿಂದೆ ಬೇರೊಂದು ಊರಿನಲ್ಲಿ ನಡೆದ ಭಾಷಣ ಸ್ಪರ್ಧೆಯಲ್ಲಿ ನನ್ನ ಬಾಯಿಂದ ಬರುತ್ತೇನೆ ಎನ್ನುವ ಕಡೆ ಬತ್ತೆ ಎಂಬ ನಮ್ಮ ಮನೆಮಾತು ಬಂತು. ಸಭೆಯಲ್ಲಿ ನಗು ಎದ್ದಿತು. ತೀರ್ಪು ಕೊಡುವ ಪೀಠದಲ್ಲಿದ್ದವರೂ ನಕ್ಕರು. ಬತ್ತೆ, ಹೋತೆ ಎನ್ನುವುದು ನನ್ನ ಅಮ್ಮನ ಕನ್ನಡ. ನನ್ನನ್ನು ಬಿ.ಎ. ತನಕ ಓದಿಸಿದ್ದು ಅದೇ ಕನ್ನಡ. ಮನೆತನದಲ್ಲಿ ಮೊದಲಿಗರಾಗಿ ಕಾಲೇಜಿಗೆ ಬಂದ ನಮ್ಮಂಥವರು ಎರಡು ಕನ್ನಡಗಳ ನಡುವೆ ದಿನವೂ ಹೊಳೆ ದಾಟುತ್ತಿರುತ್ತೇವೆ. ದಡ ಸೇರಿದ ಮೇಲೆ ಹಿಂದಿನ ದಡವನ್ನು ಮರೆಯಬೇಕೆಂದು ಕೆಲವರು ಬುದ್ಧಿ ಹೇಳುತ್ತಾರೆ. ಕಾಳಿಂಗರಾಯರ ಹಾಡುಗಳು ಬೇರೆಯ ಪಾಠವನ್ನು ಕಲಿಸುತ್ತವೆ. ಪರಸೀಮೆಯ ಮಾತನ್ನು ಗೌರವದಿಂದ ಬಾಯಿಗೆ ತಂದುಕೊಳ್ಳುವವನಿಗೆ ತನ್ನ ಸೀಮೆಯ ಮಾತಿನ ಬಗ್ಗೆ ನಾಚಿಕೆ ಇರಬೇಕಾಗಿಲ್ಲ.

ನಮ್ಮ ಸೀಮೆಯ ಕವಿಯೂ ಅವರ ಕಂಠಕ್ಕೆ ಬಂದದ್ದುಂಟು. ಬೈಂದೂರಿನ ಕಡೆಯ ಮೊಗೇರಿಯಲ್ಲಿ 1918ರಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರು ಕಾಳಿಂಗರಾಯರಿಗಿಂತ ನಾಲ್ಕು ವರ್ಷ ಕಿರಿಯರು. ಕುಂದಾಪುರದ ತೆಂಕಣದ ಆರೂರು, ಬಡಗಣದ ಮೊಗೇರಿ. ಇವೆರಡಕ್ಕೂ ನಡುವೆ ನಮ್ಮ ವಂಡ್ಸೆಯ ಸೀಮೆ. ಅಡಿಗರು ತಾರುಣ್ಯದಲ್ಲಿ ಬರೆದ, ಕಡಲಿನ ಮೇಲೆ ಹಾಯಿ ಬಿಚ್ಚಿ ಬರುವ ದೋಣಿಯ ಕವನವನ್ನು ಕಾಳಿಂಗರಾಯರು ಹಾಡಿದ್ದಾರೆ. ಗಂಗೊಳ್ಳಿಯ ಅಳಿವೆಯಲ್ಲಿ ದೋಣಿಗಳನ್ನು ಕಂಡವರಿಗೆ ಆ ಹಾಡು ತೀರ ಹತ್ತಿರದ್ದೆನಿಸುತ್ತದೆ. ಇಲ್ಲಿ ಒಂದು ವಿಚಾರವನ್ನು ಮರೆಮಾಚಬಾರದು. ಮುಂದೆ ಅಡಿಗರೇ ನವ್ಯಕಾವ್ಯದ ಮುಂದಾಳಾದರು. ಹಾಡುವ ಕವಿತೆಯ ಇಂಪನ್ನು ಬಿಟ್ಟು ಓದಿ ಚಿಂತಿಸುವ ಕವಿತೆಯ ಕಡೆಗೆ ನಡೆದರು. 1954ರಲ್ಲಿ ಬಂದ ಅವರ ಸಂಕಲನದ ಹೆಸರು ಚಂಡೆಮದ್ದಳೆ. ಹೆಸರು ಯಕ್ಷಗಾನದ್ದು, ಕವಿತೆ ಮಾತ್ರ ಮಟ್ಟಿಗೆ ಸಿಕ್ಕದ್ದು. ಹಾಡಿದರೆ ಕವಿತೆಯ ಅರ್ಥ ತೆಳುವಾಗುತ್ತದೆ, ರಾಗದ ಅಮಲಿನಲ್ಲಿ ವಿಚಾರ ಮುಳುಗುತ್ತದೆ ಎಂಬ ಆಕ್ಷೇಪವನ್ನು ನಮ್ಮ ಅಧ್ಯಾಪಕರೂ ತರಗತಿಯಲ್ಲಿ ಹೇಳುವುದುಂಟು. ಆಕ್ಷೇಪದಲ್ಲಿ ಸತ್ಯಾಂಶವಿದೆ. ಎಲ್ಲ ಕವಿತೆಯನ್ನೂ ಹಾಡಲಾಗದು, ಹಾಡಲೂ ಬಾರದು. ಆದರೆ ಓದಲು ಬಾರದವರ ಮನೆಯಲ್ಲಿ ಕವಿತೆ ಒಳಗೆ ಬರುವುದಾದರೂ ಹೇಗೆ? ಕಿವಿಯ ಬಾಗಿಲು ಒಂದೇ ಅಲ್ಲಿ ತೆರೆದಿರುತ್ತದೆ. ಆ ಬಾಗಿಲಿನಿಂದ ಬಂದ ಕವಿತೆಯೇ ಮುಂದೆ ನನ್ನಂಥವಳನ್ನು ಪುಸ್ತಕದ ಬಾಗಿಲಿಗೆ ಕರೆದೊಯ್ಯಿತು.

ಕಾಳಿಂಗರಾಯರು 1981ರ ಸೆಪ್ಟೆಂಬರ್ 22ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಆಗ ಅವರಿಗೆ 67 ವರ್ಷ. ಅವರು ಹಾಕಿದ ದಾರಿಯಲ್ಲಿ ಮೈಸೂರು ಅನಂತಸ್ವಾಮಿಯವರು ಬಂದರು. ನಿಸಾರ್ ಅಹಮದರ ಗೀತೆಗಳ ನಿತ್ಯೋತ್ಸವ ಧ್ವನಿಸುರುಳಿ 1978ರಲ್ಲಿ ಹೊರಟು ಭಾವಗೀತೆಯನ್ನು ಕ್ಯಾಸೆಟ್ಟಿನ ಯುಗಕ್ಕೆ ಕೊಂಡೊಯ್ದಿತು. ಸಿ. ಅಶ್ವತ್ಥರು ಬಂದರು, ಶಿವಮೊಗ್ಗ ಸುಬ್ಬಣ್ಣನವರು ಬಂದರು. ಈಗ ಅವರೂ ಇಲ್ಲ: ಅನಂತಸ್ವಾಮಿಯವರು 1995ರಲ್ಲಿ, ಅಶ್ವತ್ಥರು 2009ರಲ್ಲಿ, ಸುಬ್ಬಣ್ಣನವರು 2022ರಲ್ಲಿ ಅಗಲಿದರು. ಒಬ್ಬೊಬ್ಬರ ಶೈಲಿಯೂ ಬೇರೆ. ಆದರೆ ಕವಿಯ ಮಾತು ಕೇಳುವವನಿಗೆ ಸ್ಪಷ್ಟವಾಗಿ ಮುಟ್ಟಬೇಕು ಎಂಬ ಮೊದಲ ನಿಯಮವನ್ನು ಯಾರೂ ಬಿಡಲಿಲ್ಲ.

ಬೆಂಗಳೂರಿನಲ್ಲಿ ಅವರ ಹೆಸರಿನ ರಸ್ತೆಯೊಂದಿದೆ. ನಗರಸಭೆಯ ಕಡತದಲ್ಲಿ ಅದು ಪಿ. ಕಾಳಿಂಗರಾವ್ ರಸ್ತೆ, ಜನರ ಬಾಯಲ್ಲಿ ಇಂದಿಗೂ ಮಿಷನ್ ರಸ್ತೆ. ನನ್ನ ಅಪ್ಪಯ್ಯ ಆ ಸುತ್ತಿನ ಹೋಟೆಲೊಂದರಲ್ಲಿ ಎಷ್ಟೋ ವರ್ಷ ದುಡಿದವರು. ಮುಂಜಾನೆ ನಾಲ್ಕಕ್ಕೆ ಆ ರಸ್ತೆಯಲ್ಲಿ ನಡೆದು ಕೆಲಸಕ್ಕೆ ಹೋದವರು. ಫಲಕದ ಮೇಲಿನ ಹೆಸರು ನಮ್ಮ ಸೀಮೆಯವರದೇ ಎಂದು ನಾನು ಫೋನಿನಲ್ಲಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಡಿದವರು ಅವರೆಯಾ ಎಂದು ಕೇಳಿದರು. ಹಾಡು ಅವರಿಗೆ ಗೊತ್ತಿತ್ತು. ರಸ್ತೆಯೂ ಗೊತ್ತಿತ್ತು. ಎರಡನ್ನೂ ಕೂಡಿಸಿ ಹೇಳುವವರು ಇರಲಿಲ್ಲ, ಅಷ್ಟೇ.

ಹೀಗೆ ಕೂಡಿಸಿ ಹೇಳುವ ಕೆಲಸ ವಿದ್ಯಾವಂತರಾದ ನಮ್ಮದು. ಹಾಡುಗಾರನಿಗೆ ಇದಕ್ಕಿಂತ ದೊಡ್ಡ ಕೀರ್ತಿ ಇಲ್ಲ, ಹೆಸರು ಮರೆತರೂ ಹಾಡು ಉಳಿಯಿತಲ್ಲ ಎಂದು ಕೆಲವರು ಸಮಾಧಾನ ಹೇಳಬಹುದು. ಮಾತು ಕೇಳಲು ಚೆನ್ನ. ಆದರೆ ಅದು ಹಾಡುಗಾರನು ಹೇಳಬಹುದಾದ ಮಾತೇ ಹೊರತು ಪಡೆದುಕೊಂಡ ನಾವು ಹೇಳುವ ಮಾತಲ್ಲ. ನಮ್ಮ ಕಾಲೇಜಿನ ವಾರ್ಷಿಕೋತ್ಸವದಲ್ಲಿ ಪ್ರತಿವರ್ಷ ಭಾವಗೀತೆಗಳನ್ನು ಹಾಡುತ್ತೇವೆ. ಕಾರ್ಯಕ್ರಮ ಪತ್ರಿಕೆಯಲ್ಲಿ ಹಾಡುವ ವಿದ್ಯಾರ್ಥಿಯ ಹೆಸರನ್ನೂ ತರಗತಿಯನ್ನೂ ಅಚ್ಚುಹಾಕಿಸುತ್ತೇವೆ. ಅದರ ಪಕ್ಕದಲ್ಲಿ ಕವಿಯ ಹೆಸರು, ಮಟ್ಟು ಹಾಕಿದವರ ಹೆಸರು, ಎರಡು ಪದಗಳು, ಸೇರಿದರೆ ಕಾಗದದ ಖರ್ಚು ಹೆಚ್ಚುವುದಿಲ್ಲ. ಸೆಪ್ಟೆಂಬರ್ 22ರಂದು ಕನ್ನಡ ಸಂಘದ ವತಿಯಿಂದ ಒಂದು ಗಂಟೆ ಕುಳಿತು ಅವರ ಮುದ್ರಿಕೆಗಳನ್ನು ಕೇಳಿ, ಪ್ರತಿಯೊಂದು ಹಾಡಿನ ಹಿಂದಿನ ಕವಿಯ ಪರಿಚಯವನ್ನು ಒಬ್ಬೊಬ್ಬರು ಮಾಡಿಕೊಟ್ಟರೆ ಇನ್ನೂ ಒಳಿತು. ಆರೂರು ನಮ್ಮಿಂದ ಬಸ್ಸಿನ ದಾರಿಯಷ್ಟು ದೂರ. ಅಲ್ಲಿಂದ ಹೊರಟ ಬಾಲಕನೊಬ್ಬ ಇಡೀ ನಾಡಿನ ಮಾತನ್ನು ತನ್ನ ಕಂಠದಲ್ಲಿಟ್ಟುಕೊಂಡು ನಾಡಿಗೆ ಹಂಚಿದ. ಆ ಹಂಚಿಕೆಯಲ್ಲಿ ನಮ್ಮ ಪಾಲಿಗೆ ಬಂದುದನ್ನು ಹೆಸರು ಹಿಡಿದು ನೆನೆಯುವಷ್ಟಾದರೂ ನಾವು ಮಾಡೋಣ.